ದಂಪತಿಯಾನ ಮೀಮಾಂಸೆ: ಸೋಲದೇವನಹಳ್ಳಿ ಖಂಡ

ಗಂಡ ಹೆಂಡಿರು ಜೊತೆಯಾಗಿ ತಿರುಗಾಡಿದರೆ ದಾಂಪತ್ಯ ಗಟ್ಟಿಯಾಗುತ್ತದೆ ಎಂಬುದು ಲೋಕರೂಢಿ. ಲೋಕರೂಢಿಯನ್ನು ಪರೀಕ್ಷಿಸದೆ ಒಪ್ಪುವುದು ಪಂಡಿತರಿಗೆ ಶೋಭಿಸದು. ಆದಕಾರಣ ಈ ಗ್ರಂಥ.

ಪೂರ್ವಪಕ್ಷ ಹೀಗಿದೆ: ಪ್ರಯಾಣದಲ್ಲಿ ಮನೆಗೆಲಸವಿಲ್ಲ, ಕಣ್ಣಿಗೆ ಹಸಿರುಂಟು, ಮಾತಾಡಲು ಪುರುಸೊತ್ತುಂಟು, ಆದ್ದರಿಂದ ಪ್ರೀತಿ ಬೆಳೆಯುತ್ತದೆ. ಹೀಗನ್ನುವವರು ಒಂದೋ ಅವಿವಾಹಿತರು, ಇಲ್ಲವೇ ಟ್ರಾವೆಲ್ಸ್ ನಡೆಸುವವರು. ಮಾತಾಡಲು ಪುರುಸೊತ್ತು ಸಿಗುವುದು ದಾಂಪತ್ಯಕ್ಕೆ ಸಾಧಕವೋ ಬಾಧಕವೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಮೊದಲು ಸಂಪ್ರದಾಯ ಏನನ್ನುತ್ತದೆ ನೋಡೋಣ. ಬ್ರಾಹ್ಮಣರ ಮದುವೆಯಲ್ಲಿ ಕಾಶೀಯಾತ್ರೆ ಎಂಬ ಪ್ರಸಂಗವಿದೆ. ವರ ಕೊಡೆ ಹಿಡಿದು, ಕಚ್ಚೆ ಬಿಗಿದು, ಕಾಶಿಗೆ ಹೊರಟುಬಿಡುತ್ತಾನೆ. ಹೆಣ್ಣಿನ ಕಡೆಯವರು ಛತ್ರದ ಬಾಗಿಲಲ್ಲೇ ಅಡ್ಡಗಟ್ಟಿ, ಹುಡುಗಿ ಕೊಡುತ್ತೇವೆಂದು ಹೇಳಿ ವಾಪಸು ಕರೆತರುತ್ತಾರೆ. ಅಂದರೆ ನಮ್ಮಲ್ಲಿ ದಾಂಪತ್ಯದ ಅಡಿಪಾಯವೇ ಒಬ್ಬಂಟಿ ಪ್ರಯಾಣದ ರದ್ದತಿ. ರದ್ದಾದ ಟಿಕೆಟ್ಟಿನ ಹಣ ಮಾತ್ರ ಬಹುಕಾಲ ವಾಪಸಾಗಿರಲಿಲ್ಲ. 2022ರ ನವೆಂಬರ್‌ನಲ್ಲಿ ಭಾರತ್ ಗೌರವ್ ಕಾಶಿ ದರ್ಶನ ರೈಲು ಶುರುವಾದಾಗ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಸಹಾಯಧನ ಕೊಟ್ಟಿತು. ತಡೆದು ನಿಲ್ಲಿಸಿದ್ದ ಭಾವಮೈದ ಈಗ ತಾನೇ ಲಗೇಜು ಹೊತ್ತು ಅಕ್ಕ-ಭಾವನನ್ನು ಹತ್ತಿಸಬಹುದು.

ಇನ್ನು ಪ್ರತ್ಯಕ್ಷ ಪ್ರಮಾಣ. ಅನುದಾನ ಸಿಗದ್ದರಿಂದ ಪ್ರಬಂಧಕಾರ ತನ್ನೂರಾದ ಸೋಲದೇವನಹಳ್ಳಿಯನ್ನೇ ಕ್ಷೇತ್ರವಾಗಿ ಆರಿಸಿಕೊಂಡ. ಚಿಕ್ಕಬಾಣಾವರ ದಾಟಿದ ಮೇಲೆ ಸಿಗುವ ಈ ಸಣ್ಣ ಸ್ಟೇಷನ್ನನ್ನು ಧಾರವಾಡದ ವಂದೇ ಭಾರತ್ ಕಣ್ಣೆತ್ತಿಯೂ ನೋಡುವುದಿಲ್ಲ. ತುಮಕೂರಿನ ಲೋಕಲ್ಲಿಗೆ ಮಾತ್ರ ಕರುಣೆ. ಅದರಲ್ಲಿ ಡಾಬಸ್‌ಪೇಟೆ, ಅಲ್ಲಿಂದ ಶಿವಗಂಗೆ. ತಂಡದಲ್ಲಿ ಇಬ್ಬರೇ: ಪ್ರಬಂಧಕಾರ ಮತ್ತು ಆತನ ಧರ್ಮಪತ್ನಿ (ಇನ್ನು ಮುಂದೆ ‘ಸಹಸಂಶೋಧಕಿ’).

ರೈಲಿನಲ್ಲಿ ಯಾವ ಪ್ರೀತಿಯೂ ಬೆಳೆದದ್ದು ದಾಖಲಾಗಿಲ್ಲ. ಕಿಟಕಿ ಪಕ್ಕದ ಸೀಟು ಒಂದೇ ಇತ್ತು.

ಶಿವಗಂಗೆಯ ಬೆಟ್ಟ ಒಂದೊಂದು ದಿಕ್ಕಿನಿಂದ ಒಂದೊಂದು ರೂಪ: ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ಉತ್ತರದಿಂದ ಸರ್ಪ, ದಕ್ಷಿಣದಿಂದ ಲಿಂಗ ಎನ್ನುತ್ತಾರೆ. ದಂಪತಿಗಳಿಗೆ ಇಷ್ಟು ಅನುಕೂಲವಾದ ಬೆಟ್ಟ ಬೇರೊಂದಿಲ್ಲ, ಇಬ್ಬರೂ ಸರಿಯೇ. ಆದರೂ ಆಟೋದಲ್ಲಿ ಜಗಳವಾಯಿತು, ಏಕೆಂದರೆ ಇಬ್ಬರೂ ಒಂದೇ ದಿಕ್ಕಿನಿಂದ ನೋಡುತ್ತಿದ್ದರು.

ಮೇಲೆ ಒಳಕಲ್ಲು ತೀರ್ಥ. ಬಂಡೆಯ ಕುಳಿಯೊಳಗೆ ಕೈ ಇಳಿಬಿಟ್ಟಾಗ ನೀರು ಸಿಕ್ಕರೆ ಪುಣ್ಯವಂತರು ಎಂದು ನಂಬಿಕೆ. ಸಹಸಂಶೋಧಕಿಗೆ ಬೊಗಸೆ ನೀರು ಸಿಕ್ಕಿತು. ಪ್ರಬಂಧಕಾರ ಭುಜದವರೆಗೆ ಕೈ ತೂರಿಸಿ, ಕೆನ್ನೆ ಬಂಡೆಗೊತ್ತಿ ತಡಕಾಡಿದ, ಬರೀ ಕಲ್ಲು. “ಇರಲಿ ಬಿಡ್ರೀ” ಎಂದಳು. ಈ ಎರಡು ಪದಗಳಿಗೆ ಬರೆಯಬಹುದಾದ ಭಾಷ್ಯ ಪ್ರತ್ಯೇಕ ಸಂಪುಟವಾದೀತು. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಇದೇ ಶಿವಗಂಗೆಯಲ್ಲಿ. ಆ ಇತಿಹಾಸವನ್ನು ಆ ಗಳಿಗೆಯಲ್ಲಿ ಎತ್ತದಿರುವಷ್ಟು ಲೋಕಜ್ಞಾನ ಪ್ರಬಂಧಕಾರನಿಗಿತ್ತು.

ಅನಂತರ ನಡೆದದ್ದೇ ಸಿದ್ಧಾಂತ. ಬುತ್ತಿಯ ಕೈಚೀಲವನ್ನು ಯಾರು ಹಿಡಿಯಬೇಕೆಂಬ ಚರ್ಚೆ ನಡೆಯುತ್ತಿರಲು, ಗೋಡೆಯ ಮೇಲಿಂದ ಇಳಿದ ದೊಡ್ಡ ಕೋತಿಯೊಂದು ಅದನ್ನು ತಾನೇ ಹಿಡಿಯಿತು. “ಏಯ್!” ಎಂಬ ಒಂದೇ ಉದ್ಗಾರ ಎರಡು ಕಂಠಗಳಿಂದ ಏಕಕಾಲಕ್ಕೆ ಹೊರಟಿತು. ಸಪ್ತಪದಿಯಲ್ಲೂ ಇಷ್ಟು ಸರಿಯಾಗಿ ಜೊತೆಗೆ ಹೆಜ್ಜೆ ಹಾಕಿರದವರು ಮೆಟ್ಟಿಲುಗಳ ಮೇಲೆ ಓಡಿದರು. ಆಕೆ ಚಪ್ಪಲಿ ಎಸೆದಳು, ಈತ ಇನ್ನೊಂದನ್ನು ಕಳಚಿ ಕೈಗಿತ್ತ. ಕೋತಿ ಡಬ್ಬಿಯ ಮುಚ್ಚಳ ತೆಗೆದು ಪುಳಿಯೋಗರೆ ಮೂಸಿ, ಒಂದು ತುತ್ತು ಬಾಯಿಗಿಟ್ಟು, ಥೂ ಎಂದು ಉಗುಳಿತು.

“ಅದಕ್ಕೇನ್ರೀ ಗೊತ್ತು ರುಚಿ!” ಎಂದಳು.

“ಕೋತಿಗೇನು ಗೊತ್ತು ಬಿಡೇ” ಎಂದು ಪ್ರಬಂಧಕಾರ ಅನುಮೋದಿಸಿದ. ಬೆಳಿಗ್ಗೆ ಉಪ್ಪು ಜಾಸ್ತಿಯಾಗಿದೆ ಎಂದಿದ್ದವನೂ ಆತನೇ. ಕೋತಿಯ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲೂ ಸೇರಿಸಕೂಡದೆಂದು ಸಹಸಂಶೋಧಕಿ ಷರತ್ತು ಹಾಕಿದ್ದಾಳೆ.