ಜವಾರಿ ಮಾಸ್ತರರು

ಅಫಜಲಪುರ ತಾಲೂಕಿನಲ್ಲಿ, ಭೀಮಾನದಿಯ ದಂಡೆಯ ಮೇಲಿರುವ ಮಣ್ಣೂರಿಗೆ ಯಲ್ಲಮ್ಮದೇವಿಯ ದರ್ಶನಾರ್ಥವಾಗಿ ಬರುವ ಭಕ್ತರು, ದೇವಿಗೆ ಕೈಮುಗಿದು ನೆಂಟರ ಮನೆಯಲ್ಲಿ ಒಂದು ಹೊತ್ತು ತಂಗುವುದಾದರೆ, ಅವರಿಗೆ ಜವಾರಿ ಮಾಸ್ತರರ ದರ್ಶನವೂ ಅನಾಯಾಸವಾಗಿ ಲಭಿಸುವುದು. ಇಂಥವರು ಮಣ್ಣೂರಿನಲ್ಲಿ ಮಾತ್ರವೇ ಇರುವರೆಂದಲ್ಲ. ಆಳಂದದ ಕಡೆಗೂ ಜೇವರ್ಗಿಯ ಕಡೆಗೂ ಊರಿಗೊಬ್ಬರಂತೆ ಇದ್ದೇ ಇರುವರು. ಶಾಲೆಯಿಂದ ನಿವೃತ್ತರಾಗಿ, ಕಲಿಸುವ ಚಟದಿಂದ ಮಾತ್ರ ನಿವೃತ್ತರಾಗದೆ, ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿ ನೆಲೆಸಿದ ಮೇಲೆ ಹಿತ್ತಲಿನ ಟಮಾಟಿ ಗಿಡಗಳನ್ನೇ ವಿದ್ಯಾರ್ಥಿಗಳನ್ನಾಗಿ ಮಾಡಿಕೊಂಡ ಈ ಮಹನೀಯರಿಗೆ, ಬಂದವರ ಹೆಸರು ಕುಲ ವೃತ್ತಿಗಳಲ್ಲಿ ಯಾವ ಕುತೂಹಲವೂ ಇರುವುದಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಮನ್ಯಾಗ ತಿನ್ನೂದು ಜವಾರಿಯೋ, ಹೈಬ್ರಿಡ್ಡೋ?"

ಉತ್ತರ ಏನೇ ಇರಲಿ, ಮುಂದಿನ ಅರ್ಧ ಗಂಟೆ ಹಿತ್ತಲಿನಲ್ಲಿ ಕಳೆಯಬೇಕಾದುದು ನಿಶ್ಚಿತ. ಅಲ್ಲಿ, ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕದಲ್ಲಿ, ತೊಗರಿ ಕಟ್ಟಿಗೆಯ ಆಸರೆಯನ್ನು ಲೆಕ್ಕಿಸದೆ ನೆಲದ ಮೇಲೆಯೇ ಮನಬಂದಂತೆ ಹಬ್ಬಿದ ಗಿಡಗಳ ನಡುವೆ ಮಾಸ್ತರರು ಕುಕ್ಕುರುಗಾಲಿನಲ್ಲಿ ಕುಳಿತು, ಎಲೆಗಳನ್ನು ಸರಿಸಿ, ಒಂದು ಹಣ್ಣನ್ನು ಕೀಳದೆಯೇ ಅಂಗೈಯಲ್ಲಿ ಎತ್ತಿ ತೋರಿಸುವರು. ಅದು ಮೇಲಿನಿಂದ ಒತ್ತಿದಂತೆ ಚಪ್ಪಟೆ, ಸುತ್ತಲೂ ಆಳವಾದ ಗೆರೆಗಳು, ತೆಳುಸಿಪ್ಪೆ, ಕೆಳಭಾಗವೆಲ್ಲ ಕೆಂಪೇರಿ ಮೆತ್ತಗಾಗಿದ್ದರೂ ತೊಟ್ಟಿನ ಸುತ್ತಲಿನ ಹಸಿರು ಹಾಗೆಯೇ ಉಳಿದಿರುತ್ತದೆ. ಪಟ್ಟಣದಿಂದ ಬಂದವರು ಸಹಜವಾಗಿಯೇ, ಇದಿನ್ನೂ ಪೂರ್ತಿ ಹಣ್ಣಾಗಿಲ್ಲವಲ್ಲ ಎಂದುಬಿಡುವರು. ಮಾಸ್ತರರು ಕಾಯುತ್ತಿದ್ದುದು ಈ ಮಾತಿಗೇ. "ಆ ಹಸರು ಹೋಗಂಗಿಲ್ರಿ. ಹಸರು ಇದ್ದಲ್ಲೇ ರುಚಿ ಇರತದ!"

ಈ ವಾಕ್ಯವನ್ನು ಬಹುಕಾಲ ಮುದುಕರ ಹಟವೆಂದು ಊರವರು ನಕ್ಕು ಬಿಟ್ಟದ್ದುಂಟು. ಆದರೆ 2012 ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ, ಹಣ್ಣು ತೊಟ್ಟಿನಿಂದ ತುದಿಯವರೆಗೆ ಒಂದೇ ಸಮನಾಗಿ ಕೆಂಪಾಗಲೆಂದು ತಳಿಗಾರರು ದಶಕಗಳಿಂದ ಆರಿಸಿಕೊಂಡು ಬಂದ ಗುಣವೇ, ಕಾಯಿಯಲ್ಲಿ ಹಸಿರನ್ನು ಹೆಚ್ಚಿಸುವ ಒಂದು ಜೀನನ್ನು ಕೆಡಿಸಿ, ಅದರ ಫಲವಾಗಿ ಹಣ್ಣಿನ ಸಕ್ಕರೆಯನ್ನೂ ಕುಗ್ಗಿಸಿತೆಂದು ತೋರಿಸಿಕೊಟ್ಟಿತು. ಮೊಮ್ಮಗನು ಇದನ್ನು ಮೊಬೈಲಿನಲ್ಲಿ ಓದಿ ಹೇಳಿದಾಗ ಮಾಸ್ತರರಿಗೆ ಆಶ್ಚರ್ಯವೇನೂ ಆಗಲಿಲ್ಲವಂತೆ. "ನಮ್ಮವ್ವಗ ಮೊದಲೇ ಗೊತ್ತಿತ್ತು, ಅವರಿಗೀಗ ಗೊತ್ತಾತು" ಎಂದಷ್ಟೇ ನುಡಿದು, ಅಂದಿನಿಂದ ಅಮೆರಿಕದ ವಿಜ್ಞಾನಿಗಳನ್ನು, ತಡವಾಗಿಯಾದರೂ ಪಾಠ ಒಪ್ಪಿಸಿದ ದಡ್ಡ ಹುಡುಗರ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದಾರೆ.

ಟಮಾಟಿಯೇ ದಕ್ಷಿಣ ಅಮೆರಿಕದ ಮೂಲದ್ದು, ಪೋರ್ತುಗೀಜರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದದ್ದು, ಹೀಗಿರಲು ಇದರಲ್ಲಿ ಜವಾರಿಯೆಂಬುದು ಯಾವುದು ಎಂದು ಕಾಲೇಜು ಕಲಿತ ತರುಣರು ಆಗಾಗ ಕೆಣಕುವುದುಂಟು. ಮಾಸ್ತರರು ಇದಕ್ಕೆ ಸರ್ವಥಾ ವಿಚಲಿತರಾಗರು. "ಮೆಣಸಿನಕಾಯಿ ಎಲ್ಲಿಂದ ಬಂತು? ಶೇಂಗಾ ಎಲ್ಲಿಂದ ಬಂತು? ಅವೂ ಅಲ್ಲಿಂದಲೇ ಬಂದಾವ. ಸೊಸಿ ಬ್ಯಾರೆ ಊರಿಂದ ಬರತಾಳ. ನಾಕು ಮಕ್ಕಳಾದ ಮ್ಯಾಲ ಆಕಿ ಯಾವ ಊರಾಕಿ ಅಂತ ಯಾರರೆ ಕೇಳತಾರೇನು?" ತರುಣರು ಸುಮ್ಮನಾಗುವರು, ಶೇಂಗಾ ಹಿಂಡಿಯಿಲ್ಲದೆ ರೊಟ್ಟಿ ಇಳಿಯದ ಸೀಮೆಯಲ್ಲಿ ಈ ತರ್ಕಕ್ಕೆ ಎದುರುಂಟೆ?

ಮಾಸ್ತರರ ದೃಷ್ಟಿಯಲ್ಲಿ ಕಲಿಯುಗದ ಆರಂಭವಾದುದು 1973 ರಲ್ಲಿ, ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯವರು 'ಕರ್ನಾಟಕ' ಎಂಬ ಟೊಮ್ಯಾಟೊ ಸಂಕರ ತಳಿಯನ್ನು ಹೊರತಂದಾಗ. ನಾಡಿನ ಹೆಸರನ್ನೇ ಅದಕ್ಕಿಟ್ಟುದು ಅವರಿಗೆ ಇಂದಿಗೂ ಸಹ್ಯವಾಗಿಲ್ಲ. ಇಲ್ಲಿ ನಾನು ಮಾಸ್ತರರ ಪಕ್ಷವನ್ನು ಬಿಟ್ಟು ಒಂದು ಮಾತು ಹೇಳಲೇಬೇಕು. ಕೋಲಾರದಿಂದ ಲಾರಿಯಲ್ಲಿ ಪರರಾಜ್ಯಗಳಿಗೆ ಹೋಗಿ ಗಟ್ಟಿಯಾಗಿಯೇ ಇಳಿಯುವ ಹಣ್ಣನ್ನು ಬೆಳೆಯುವ ರೈತನು ಪಾಪಿಯಲ್ಲ. ಜವಾರಿ ಹಣ್ಣಾದರೋ ಮಣ್ಣೂರಿನಿಂದ ಅಫಜಲಪುರದ ಸಂತೆಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿಯೇ ಅರ್ಧ ಸಾರಾಗಿರುತ್ತದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಮೂರು ರೋಗಗಳನ್ನು ತಡೆದುಕೊಳ್ಳುವಂಥದು. ಮಾಸ್ತರರ ಗಿಡಗಳಾದರೋ ಬಿಳಿನೊಣ ಹರಡುವ ಎಲೆಮುರುಟು ರೋಗಕ್ಕೆ ಒಂದೊಂದಾಗಿ ಕುಗ್ಗಿಹೋಗುವುದನ್ನು ನಾನು ಕಂಡಿದ್ದೇನೆ. ಆಗ ವಿಜ್ಞಾನವನ್ನು ಬದಿಗಿಟ್ಟು, ಪಕ್ಕದ ಮನೆಯವರ ದೃಷ್ಟಿ ತಾಗಿತೆಂದು ಅವರು ನಿರ್ಣಯಿಸುವರು.

ಇಷ್ಟು ಭಕ್ತಿಯ ಮನೆಯಲ್ಲಿ ಊಟವು ಸೊಗಸಾಗಿರಬಹುದೆಂದು ಓದುಗರು ಆಶಿಸುವುದು ಸ್ವಾಭಾವಿಕ. ವಸ್ತುಸ್ಥಿತಿ ಬೇರೆ. ಬೀಜವನ್ನು ಅತ್ಯುತ್ತಮ ಗಿಡದ ಅತ್ಯುತ್ತಮ ಹಣ್ಣಿನಿಂದಲೇ ಹಿಡಿಯಬೇಕೆಂಬುದು ಶಾಸ್ತ್ರಸಮ್ಮತವಾದ ನಿಯಮ. ಆ ಪ್ರಕಾರ ದೊಡ್ಡದೂ ಸುಂದರವೂ ಆದ ಪ್ರತಿ ಹಣ್ಣಿನ ತೊಟ್ಟಿಗೆ ಮಾಸ್ತರರು ಕೆಂಪು ದಾರ ಕಟ್ಟಿಬಿಡುವರು. ಉಳಿದ ಸೀಳಿದ, ಗಿಳಿ ಕುಕ್ಕಿದ, ಹುಳು ಕೊರೆದ ಹಣ್ಣುಗಳು ಮಾತ್ರ ಅಡಿಗೆಮನೆಯ ಪಾಲಿನವು. ಅವುಗಳಲ್ಲಿಯೇ ಕೆಟ್ಟುದನ್ನು ಕೊರೆದು ತೆಗೆದು, ಎಳ್ಳ ಅಮಾವಾಸ್ಯೆಯ ಭಜ್ಜಿಗೂ, ನಿತ್ಯದ ಬ್ಯಾಳಿಗೂ, ಹಸಿಕಾಯಿಯನ್ನು ಹಸಿಮೆಣಸಿನಕಾಯಿ, ಹುರಿದ ಶೇಂಗಾಗಳೊಡನೆ ಕಲ್ಲಿನಲ್ಲಿ ಕುಟ್ಟಿದ ಚಟ್ನಿಗೂ ಹೊಂದಿಸುವವರು ಅಕ್ಕೋರು, ಅಂದರೆ ಮಾಸ್ತರರ ಪತ್ನಿ. ಆ ಚಟ್ನಿಯನ್ನು ಬಿಸಿ ಜೋಳದ ರೊಟ್ಟಿಗೆ ಹಚ್ಚಿ ತಿಂದವನಿಗೆ ಮಾಸ್ತರರ ಉಪನ್ಯಾಸವೆಲ್ಲ ಅನವಶ್ಯಕವೆಂದೇ ತೋರುವುದು.

2023 ರ ಜುಲೈ ತಿಂಗಳಲ್ಲಿ ಟಮಾಟಿಯ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿ, ದೇಶವೆಲ್ಲ ಅದರ ಸುದ್ದಿಯೇ ಆದಾಗ, ಮಾಸ್ತರರು ಕಟ್ಟೆಯ ಮೇಲೆ ಕುಳಿತು, "ನಮಗೇನು ಚಿಂತಿಲ್ರಿ, ನಮ್ಮದು ಜವಾರಿ" ಎಂದು ಹೋಗಿಬರುವವರಿಗೆಲ್ಲ ಸಾರಿದ್ದುಂಟು. ಆದರೆ ನಮ್ಮ ಸೀಮೆಯ ಬೇಸಗೆಯಲ್ಲಿ ಟಮಾಟಿಯ ಹೂವು ಬಿಸಿಗೆ ಉದುರುವುದೇ ಹೊರತು ಕಾಯಿಗಟ್ಟದು. ನಾಗರಪಂಚಮಿಯ ಸುಮಾರಿಗೆ ಸಸಿ ಹಾಕಿದರೆ ಹಣ್ಣು ಕಾಣುವುದು ದೀಪಾವಳಿಯ ಮೇಲೆ. ಆ ಜುಲೈನಲ್ಲಿ ಹಿತ್ತಲು ಬೋಳಾಗಿತ್ತು. ಅಕ್ಕೋರು ಮಾತಿಲ್ಲದೆ ಬ್ಯಾಳಿಗೆ ಹುಣಸೆಹಣ್ಣು ಹಿಂಡಿದರು.

ಬೀಜ ಹಿಡಿಯುವ ಕೆಲಸವೂ ಅವರದೇ. ಹಣ್ಣನ್ನು ಗಡಿಗೆಯಲ್ಲಿ ಹಿಚುಕಿ ಎರಡು ಮೂರು ದಿನ ಬಿಟ್ಟರೆ ಹುಳಿಬಂದು, ಬೀಜಕ್ಕಂಟಿದ ಲೋಳೆ ಕಳಚುವುದು. ನೀರು ಹೊಯ್ದು ಅಲ್ಲಾಡಿಸಿದರೆ ಜೊಳ್ಳು ತೇಲಿ ಗಟ್ಟಿಬೀಜ ತಳ ಸೇರುವುದು. ತಳದ್ದನ್ನು ಒಲೆಯ ಬೂದಿಯಲ್ಲಿ ಹೊರಳಿಸಿ ನೆರಳಿಗೆ ಒಣಗಿಸಬೇಕು. ಗಡಿಗೆಯ ನಾತವನ್ನು ಸಹಿಸಿ ಇದನ್ನೆಲ್ಲ ಅಕ್ಕೋರು ಮಾಡುತ್ತಿರುವಾಗ ಮಾಸ್ತರರು ದೂರದಲ್ಲಿ ಮೂಗು ಮುಚ್ಚಿಕೊಂಡು, ಟಮಾಟಿಯ ಹೂವು ತನ್ನ ಪರಾಗದಿಂದಲೇ ಕಾಯಿಗಟ್ಟುವುದರಿಂದ ತಳಿ ಕೆಡುವುದಿಲ್ಲವೆಂದೂ, ಹೈಬ್ರಿಡ್ಡಿನ ಬೀಜ ಬಿತ್ತಿದರೆ ಮಕ್ಕಳು ನಾನಾ ತರವಾಗುವುವೆಂದೂ ವಿವರಿಸುವರು. ಮಾತು ನಿಜವೇ. 2020 ರ ಅಕ್ಟೋಬರದಲ್ಲಿ ಉಜನಿ ಅಣೆಕಟ್ಟಿನ ನೀರಿಗೆ ಭೀಮೆ ಉಕ್ಕಿ ದಂಡೆಯ ಹಳ್ಳಿಗಳ ಜನ ಮನೆ ಬಿಡಬೇಕಾದಾಗ, ಮಾಸ್ತರರು ಬೀಜದ ಡಬ್ಬಿಯನ್ನು ಎದೆಗವಚಿಕೊಂಡು ಎಲ್ಲರಿಗಿಂತ ಮುಂದೆ ನಡೆದರೆಂದು ಪ್ರತೀತಿ. ಅವರ ಪಿಂಚಣಿಯ ಪಾಸ್‌ಬುಕ್ಕನ್ನೂ ಚಷ್ಮವನ್ನೂ ಔಷಧಿಯನ್ನೂ ಅಕ್ಕೋರು ಹಿಂದಿನಿಂದ ತಂದರು. ಡಬ್ಬಿ ತೆರೆದು ನೋಡಿದಾಗ ಅದರಲ್ಲಿದ್ದುದು ಕೊತ್ತಂಬರಿ ಬೀಜ. ಟಮಾಟಿಯ ಬೀಜ ಅಕ್ಕೋರ ಚೀಲದಲ್ಲಿತ್ತು.

ಬೀಜ ಬೇಕಾದವರು ಮಾಸ್ತರರನ್ನು ಕೇಳಬಾರದು. ಭೂಮಿ ಎಷ್ಟು, ನೀರು ಯಾವುದು, ಹಣ್ಣನ್ನು ಫ್ರಿಜ್ಜಿನಲ್ಲಿಡುವ ಅಭ್ಯಾಸವುಂಟೆ ಎಂದು ಅವರು ನಡೆಸುವ ಮೌಖಿಕ ಪರೀಕ್ಷೆಯಲ್ಲಿ ಈವರೆಗೆ ಯಾರೂ ಉತ್ತೀರ್ಣರಾದಂತಿಲ್ಲ. ಪಂಚಮಿಗೆ ಎರಡು ವಾರ ಮುಂಚಿತವಾಗಿ ಹೋಗಿ, ಕಟ್ಟೆಯ ಮೇಲೆ ಕುಳಿತವರಿಗೆ ನಮಸ್ಕಾರ ಮಾತ್ರ ಮಾಡಿ, ಸುತ್ತಿಬಂದು ಹಿತ್ತಲ ಬಾಗಿಲಲ್ಲಿ ಅಕ್ಕೋರನ್ನು ಕೇಳಿರಿ. ಒಂದು ಚಿಟಿಕೆ ಕೊಡುವರು. ಕಟ್ಟಿಕೊಳ್ಳಲು ಕಾಗದವನ್ನು ಮಾತ್ರ ನೀವೇ ಒಯ್ಯಬೇಕು.