ಸೈಬರ್ ಪಾಲಿಸಿಯವನು

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂಥ ಊರಿನಿಂದ ಹೊರಟು, ಬೆಂಗಳೂರಿನಲ್ಲಿ ಸೈಬರ್ ಸೆಕ್ಯುರಿಟಿ ಪಾಲಿಸಿ ತಜ್ಞನೆನಿಸಿಕೊಂಡ ತರುಣನಿಗೆ ಮೊದಲ ಸಂಕಷ್ಟ ಎದುರಾಗುವುದು ಹ್ಯಾಕರುಗಳಿಂದಲ್ಲ, ತನ್ನ ಹುದ್ದೆಯ ಹೆಸರಿನಿಂದ. ಏಕೆಂದರೆ ಆ ಹೆಸರಿನೊಳಗಿನ ಮೂರು ಪದಗಳೂ ಅವನು ಕೆಲಸಕ್ಕೆ ಸೇರುವ ಎಷ್ಟೋ ಮೊದಲೇ ಊರಿನಲ್ಲಿ ಬೇರೆ ಬೇರೆ ಅರ್ಥಗಳಿಗೆ ಮಂಜೂರಾಗಿಹೋಗಿವೆ. ಅಲ್ಲಿ ಸೈಬರ್ ಎಂದರೆ ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಫಲಿತಾಂಶಗಳನ್ನು ತೆಗೆದುಕೊಡುವ ಜೆರಾಕ್ಸ್ ಅಂಗಡಿ; ಸೆಕ್ಯುರಿಟಿ ಎಂದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕುಳಿತು ಬಂದವರ ಹೆಸರು ಬರೆದುಕೊಳ್ಳುವವನು; ಪಾಲಿಸಿ ಎಂದರೆ ಎಲ್‌ಐಸಿ, ಅದೂ ಎರಡು ಕಂತು ಬಾಕಿಯಾಗಿ ನಿಂತದ್ದು. ಈ ಮೂರನ್ನೂ ಕೂಡಿಸಿ ನೋಡಿದ ಹೆಣ್ಣಿನ ಕಡೆಯ ಹಿರಿಯರು, ಹುಡುಗ ಜೆರಾಕ್ಸ್ ಅಂಗಡಿಯ ಬಾಗಿಲು ಕಾಯುತ್ತ ವಿಮೆ ಮಾಡಿಸುತ್ತಾನೆಂದು ತೀರ್ಮಾನಿಸಿದರೆ ಅದರಲ್ಲಿ ತರ್ಕದೋಷವನ್ನು ಕಾಣುವುದು ಕಷ್ಟ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಮ್ಮಾಜಾನ್ ಬಾವಾಜಾನ್ ದರ್ಗಾದ ಬೀದಿಯಲ್ಲಿ ಉರ್ದು ಕೇಳಿ ಬೆಳೆದವನಾದ್ದರಿಂದ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ವಿದ್ಯೆ ಅವನಿಗೆ ಬಾಲ್ಯದಲ್ಲೇ ಕೈವಶವಾಗಿರುತ್ತದೆ, ಮತ್ತು ನೀತಿ ಎಂಬ ವೃತ್ತಿಗೆ ಬೇಕಾದ ಬಂಡವಾಳವೂ ಬಹುಮಟ್ಟಿಗೆ ಅಷ್ಟೇ. ಎಂಜಿನಿಯರ್ ಹೇಳಿದ್ದು ವಕೀಲನಿಗೆ ತಿಳಿಯುವುದಿಲ್ಲ, ವಕೀಲ ಬರೆದದ್ದು ಎಂಜಿನಿಯರಿಗೆ ಒಗ್ಗುವುದಿಲ್ಲ, ಇಬ್ಬರನ್ನೂ ಓದುವಷ್ಟು ಪುರುಸೊತ್ತು ಅಧಿಕಾರಿಗೆ ಇರುವುದಿಲ್ಲ. ಈ ಮೂವರ ನಡುವೆ ಎರಡು ಪುಟದ ಟಿಪ್ಪಣಿ ಹಿಡಿದು ಓಡಾಡುವವನೇ ನೀತಿತಜ್ಞ. ಸಾಫ್ಟ್‌ವೇರ್ ಪರೀಕ್ಷಿಸುವ ನೌಕರಿಯಲ್ಲಿ ಬೇಸತ್ತಿದ್ದ ಅವನು ಈ ದಾರಿಗೆ ಹೊರಳಿದ್ದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದ ಮೇಲೆ. ಆ ಮೊಕದ್ದಮೆಯನ್ನು ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೆಂಬುದನ್ನು ಅವನು ದೆಹಲಿಯ ಸಭೆಗಳಲ್ಲಿ ತಪ್ಪದೆ ನೆನಪಿಸುತ್ತಾನೆ, ಊಟದ ಹೊತ್ತಿಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೂ ಅದಕ್ಕೆ ಸೇರಿಸಿ ತನ್ನ ಜಿಲ್ಲೆಯ ಲೆಕ್ಕವನ್ನು ಸರಿದೂಗಿಸುತ್ತಾನೆ.

ಅವನ ಏಳಿಗೆಯ ನಿಜವಾದ ಕಾರಣ ಮಾತ್ರ ಬೇರೆ. ನಾಗರಿಕರ ವೈಯಕ್ತಿಕ ದತ್ತಾಂಶಕ್ಕೆ ರಕ್ಷಣೆ ಕೊಡುವ ಕಾನೂನಿನ ಮೊದಲ ಕರಡನ್ನು ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟಿತು. 2019ರಲ್ಲಿ ಮಸೂದೆ ಸಂಸತ್ತಿಗೆ ಬಂತು. 2022ರ ಆಗಸ್ಟಿನಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ನವೆಂಬರಿನಲ್ಲಿ ಹೊಸ ಕರಡು ಹೊರಟಿತು. 2023ರ ಆಗಸ್ಟಿನಲ್ಲಿ ಕಾಯ್ದೆಯಾಯಿತು. ನಿಯಮಗಳ ಕರಡು 2025ರ ಜನವರಿಯಲ್ಲಿ, ನಿಯಮಗಳು ಅದೇ ವರ್ಷದ ನವೆಂಬರಿನಲ್ಲಿ ಬಂದವು. ಮಸೂದೆ ಪ್ರತಿ ಸಲ ಸತ್ತು ಹುಟ್ಟಿದಾಗಲೂ ಅವನು ಒಂದು ಮೆಟ್ಟಿಲು ಮೇಲೇರಿದ್ದಾನೆ: ಮೊದಲ ಕರಡಿಗೆ ತರಬೇತಿ ನೌಕರ, ಎರಡನೆಯದಕ್ಕೆ ವಿಶ್ಲೇಷಕ, ಹಿಂತೆಗೆತಕ್ಕೆ ಹಿರಿಯ ವಿಶ್ಲೇಷಕ. ಕಟ್ಟಡ ಮುಗಿದರೆ ಮೇಸ್ತ್ರಿಗೆ ಕೂಲಿ ಇಲ್ಲವೆಂಬುದನ್ನು ಅರಿತ ಅವನಿಗೆ ಮಸೂದೆ ಕಾಯ್ದೆಯಾದ ದಿನ ಕೊಂಚ ಎದೆ ಧಸಕ್ಕೆಂದದ್ದು ಸಹಜವಾದರೂ, ಅಷ್ಟರಲ್ಲಿ ಕೃತಕ ಬುದ್ಧಿಮತ್ತೆ ಬಂದು ಅವನನ್ನು ಉಳಿಸಿತು.

ಅವನ ಪರಿಭಾಷೆ ಗಹನವಾದದ್ದು. ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ಈ ಆರು ಗಂಟೆ ಸಾಲದೆಂದು ಅವನು ಆರು ತಿಂಗಳು ಬರೆದಿದ್ದಾನೆ. 'ಡೇಟಾ ಫಿಡೂಷಿಯರಿ', ಅಂದರೆ ಜನರ ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸಿ ಅದರ ಹೊಣೆ ಹೊರುವವನು, ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ತೆರಬೇಕಾಗುತ್ತದೆಂಬ ವಿಷಯದಲ್ಲಿ ಅವನು ನಲವತ್ತು ನಿಮಿಷ ನಿಲ್ಲದೆ ಮಾತನಾಡಬಲ್ಲ.

ಊರಿನಲ್ಲಿ ಆ ಹೊಣೆ ಹೊತ್ತಿರುವುದು ಸೈಬರ್ ಸೆಂಟರಿನ ಹುಡುಗನ ಬಳಿಯಿರುವ, ಮೂಲೆ ಮಡಚಿದ ಇನ್ನೂರು ಪುಟದ ನೋಟ್‌ಬುಕ್ಕು. ವಿದ್ಯಾರ್ಥಿವೇತನದಿಂದ ಹಿಡಿದು ವಿಧವಾ ವೇತನದವರೆಗಿನ ಸಕಲ ಅರ್ಜಿಗಳ ಪಾಸ್‌ವರ್ಡುಗಳು ಅದರಲ್ಲಿ ಮನೆವಾರು ದಾಖಲಾಗಿವೆ, ಮತ್ತು ಯಾರ ಸಮ್ಮತಿಯನ್ನೂ ಯಾರೂ ಕೇಳದೆಯೇ ಇಡೀ ಊರು ಅದನ್ನು ನಂಬಿದೆ. ಹಬ್ಬಕ್ಕೆ ಬಂದ ತಜ್ಞನನ್ನು ಅವನ ತಂದೆ ಆ ಅಂಗಡಿಗೇ ಕರೆದೊಯ್ಯುವುದು ಪಿಎಂ ಕಿಸಾನ್ ಹಣ ನಿಂತಿರುವುದರಿಂದ. ಅದಕ್ಕೆ ಇ-ಕೆವೈಸಿ, ಎಂದರೆ ಫಲಾನುಭವಿಯ ಗುರುತನ್ನು ಆಧಾರ್ ಮೂಲಕ ದೃಢಪಡಿಸುವ ಕ್ರಮ, ಆಗಬೇಕು. ತಂದೆಯ ಆಧಾರಿಗೆ ಹಿಂದೆಂದೋ ಜೋಡಿಸಿದ್ದು ಮಗನ ಮೊಬೈಲ್ ನಂಬರು. ನೋಟ್‌ಬುಕ್ಕನ್ನು ಕಂಡು ತಜ್ಞ ದತ್ತಾಂಶದ ಪಾವಿತ್ರ್ಯದ ಬಗ್ಗೆ ತೆಲುಗಿನಲ್ಲಿ ಎರಡು ಮಾತು ಆರಂಭಿಸುವಷ್ಟರಲ್ಲಿ ಹುಡುಗ ಪುಟ ತಿರುವಿ, ತಜ್ಞನೇ ಸಿಇಟಿ ಬರೆದ ವರ್ಷದ ಪಾಸ್‌ವರ್ಡನ್ನು ತೋರಿಸಿ, ಈಗಲೂ ಇದೇನಾ ಎಂದು ವಿನಯದಿಂದ ಕೇಳುತ್ತಾನೆ. ಇದೇ. ಅಷ್ಟರಲ್ಲಿ ಒಟಿಪಿ ಬರುತ್ತದೆ. ಆರು ಅಂಕಿಗಳ ಆ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಕೂಡದೆಂದು ಮೂರು ಕರಪತ್ರಗಳನ್ನು ಬರೆದಿರುವ ತಜ್ಞ, ಸರ್ವರ್ ಮತ್ತೆ ಹೋಗಿಬಿಡುವ ಭಯದಿಂದ ಸಾಲಿನ ಹಿಂದಿನಿಂದಲೇ ಅದನ್ನು ಗಟ್ಟಿಯಾಗಿ ಕೂಗುತ್ತಾನೆ. ಚಿಂತಾಮಣಿ ಬಸ್ಸಿನ ಹಾರನ್ನಿಗೆ ಸಿಕ್ಕಿ ಕೊನೆಯ ಎರಡು ಅಂಕಿಗಳು ಹುಡುಗನಿಗೆ ಕೇಳಿಸದೆ ಹೋದಾಗ, ನಡುವೆ ನಿಂತಿರುವ ಹಿರಿಯರೊಬ್ಬರು ಅವನ್ನು ಇನ್ನೂ ಸ್ಪಷ್ಟವಾಗಿ ಕೂಗಿ ಮುಂದಕ್ಕೆ ಮುಟ್ಟಿಸುತ್ತಾರೆ.