ಅರ್ಧ ಲೋಟದ ಮೀಮಾಂಸೆ

ನಿತ್ಯ ಕಾಫಿ ಕುಡಿಯುವವರ ದೇಹದಲ್ಲಿ ಏನಾಗುತ್ತದೆ ಎಂಬುದು ಅವರು ಎಷ್ಟು ಕುಡಿಯುತ್ತಾರೆ ಎಂಬುದರ ಮೇಲೆ ನಿಂತಿದೆ. ಎಷ್ಟು ಕುಡಿಯುತ್ತಾರೆ ಎಂಬುದಕ್ಕೆ ಕುಡಿಯುವವರ ಮಾತೊಂದೇ ಆಧಾರ. ಕಾಫಿಯ ಶಾಸ್ತ್ರ ಮೊದಲ ಹೆಜ್ಜೆಯಲ್ಲೇ ಎಡವುವುದು ಇಲ್ಲಿ. ಹಳೆ ಮೈಸೂರು ಸೀಮೆಯಲ್ಲಿ ವೈದ್ಯರು “ದಿನಕ್ಕೆ ಎಷ್ಟು ಕಾಫಿ?” ಎಂದು ಕೇಳಿದರೆ “ಎರಡೇ ಡಾಕ್ಟ್ರೇ” ಎಂಬ ಉತ್ತರ ಬರುತ್ತದೆ, ಪಕ್ಕದಲ್ಲಿ ಕೂತ ಹೆಂಡತಿ ಚಾವಣಿ ನೋಡುತ್ತಾರೆ. ಈ ‘ಎರಡು’ ಸಂಖ್ಯಾವಾಚಿಯಲ್ಲ, ವಿನಯವಾಚಿ.

ಲೆಕ್ಕಕ್ಕೆ ಸೇರದ ಕಾಫಿಗಳನ್ನು ಮೊದಲು ಗುರುತಿಸಬೇಕು. ಬೆಳಿಗ್ಗೆ ಹಾಸಿಗೆ ಬಿಟ್ಟ ಕೂಡಲೇ ಕುಡಿಯುವುದು ಕಾಫಿಯಲ್ಲ, ಏಳುವ ಕ್ರಿಯೆಯ ಉತ್ತರಾರ್ಧ. ಇಡ್ಲಿಯ ಹಿಂದೆ ಬರುವುದು ತಿಂಡಿಗೆ ಜಮಾ. ನೆಂಟರು ಬಂದಾಗ ಅವರಿಗೆ ಸಂಕೋಚವಾಗದಿರಲೆಂದು ಕುಡಿದದ್ದು ನೆಂಟರ ಖಾತೆಗೆ. “ಚೂರೇ ಚೂರು ಕೊಡಿ” ಎಂದು ಕೇಳಿ ಪಡೆದ, ಅಂಚಿಗೆ ಒಂದು ಬೆರಳು ಕಮ್ಮಿ ತುಂಬಿದ ಲೋಟ ಚೂರು ಎಂಬ ಹೆಸರಿನಿಂದಲೇ ಮಾಫಿ. ಏಕಾದಶಿಯ ಉಪವಾಸದಲ್ಲಿ ಅನ್ನ ನಿಷಿದ್ಧ. ಕಾಫಿ ಆ ದಿನ ನೀರಿನ ಪಂಕ್ತಿಯಲ್ಲಿ ಕೂತು ದಿನವಿಡೀ ಊರ್ಜಿತವಾಗಿರುತ್ತದೆ. ಇನ್ನು ಬೈಟೂ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡರೆ ತಲಾ ಅರ್ಧ ಎಂಬುದು ಶಾಲೆಯ ಗಣಿತ. ಹೋಟೆಲಿನ ಗಣಿತದಲ್ಲಿ ಇಬ್ಬರೂ ಕುಡಿದದ್ದು ಸೊನ್ನೆ. ನಾಲ್ಕು ಬೈಟೂ ಸೇರಿದರೆ ಎರಡು ಕಾಫಿಯಾಗುತ್ತದೆ ಎಂದು ವಾದಿಸಿದವರ ಜೊತೆ ಐದನೆಯ ಬೈಟೂಗೆ ಯಾರೂ ಹೋಗುವುದಿಲ್ಲ.

ಶಾಸ್ತ್ರಜ್ಞರ ಅಳತೆ ಇಷ್ಟು ಉದಾರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನಿನ ಮಿತಿ ಹಾಕಿದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟಿನಲ್ಲಿ 50ರಿಂದ 65 ಎಂದು ಅದರ ಲೆಕ್ಕ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ 400ರವರೆಗೆ, ಗರ್ಭಿಣಿಯರಿಗೆ 200ರವರೆಗೆ ಒಪ್ಪಿಗೆ ಕೊಟ್ಟಿತು. ಗರ್ಭಿಣಿಯರ ಮಿತಿಯೊಂದನ್ನು ಬಿಟ್ಟರೆ ಯಾವ ಮಿತಿ ಹಿಡಿದರೂ ‘ಎರಡು’ ಅದರೊಳಗೇ ಬರುತ್ತದೆ. ಕುಡಿಯುವವರ ದೂರದೃಷ್ಟಿಯನ್ನು ಮೆಚ್ಚಬೇಕಾದದ್ದೇ.

ಪುಡಿಯಂಗಡಿಯಲ್ಲಿ ಈ ಲೆಕ್ಕ ಮತ್ತೆ ಕದಡುತ್ತದೆ. ರೊಬಸ್ಟಾದಲ್ಲಿ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಅದು ಹುರಿದ ಬೇರು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕೆಂಬುದು ಕಾನೂನು. ಅಂದರೆ ಮಿಕ್ಕ 49 ಭಾಗದವರೆಗೆ ಗಿರಾಕಿಯ ಆರೋಗ್ಯವನ್ನು ಅವನಿಗೆ ತಿಳಿಯದಂತೆ ಕಾಪಾಡಲು ಅಂಗಡಿಯವನಿಗೆ ಅವಕಾಶವುಂಟು.

ಈಗ ದೇಹದೊಳಗಿನ ಸಂಗತಿ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತದೆ. ಅದು ತನಗೆ ಮೀಸಲಾದ ಗ್ರಾಹಕಗಳಲ್ಲಿ ಹೋಗಿ ಕೂತರೆ ತೂಕಡಿಕೆ. ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ 1819ರಲ್ಲಿ ಬೇರ್ಪಡಿಸಿದ ಕೆಫೀನ್, ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದಂತೆ, ಆ ಸೀಟುಗಳನ್ನು ಮೊದಲೇ ಹಿಡಿದುಬಿಡುತ್ತದೆ. ನಿದ್ದೆ ಇಳಿದುಹೋಗುವುದಿಲ್ಲ, ಬಸ್ಸಿನೊಳಗೇ ನಿಂತಿರುತ್ತದೆ. ಟವೆಲ್ ತೆಗೆದ ಕ್ಷಣ ಕಾದು ನಿಂತ ಅಡೆನೊಸಿನ್ ಎಲ್ಲವೂ ಒಟ್ಟಿಗೆ ಕೂರುತ್ತದೆ. ಮಧ್ಯಾಹ್ನ ಮೂರರ ಕಚೇರಿಗಳಲ್ಲಿ ಇದನ್ನು ಬರಿಗಣ್ಣಿನಿಂದ ನೋಡಬಹುದು. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು, ಉಳಿದರ್ಧದ ಅರ್ಧಕ್ಕೆ ಇನ್ನೈದು ಗಂಟೆ. ಅಂದರೆ ದೇಹವೂ ಬೈಟೂ ಮಾಡುತ್ತದೆ. ಸಂಜೆ ಆರರ ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೆ ಇನ್ನೂ ಮೇಜಿನ ಮೇಲಿರುತ್ತದೆ. “ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ” ಎನ್ನುವವರಿಗೆ ನಿದ್ದೆ ಬರುವುದು ನಿಜ. ಅದರ ಆಳ ಎಷ್ಟೆಂದು ಅವರಿಗೆ ತಿಳಿಯುವುದಿಲ್ಲ, ಆಗ ಅವರು ನಿದ್ದೆಯಲ್ಲಿರುತ್ತಾರೆ.

ಕರುಳಿನ ವಿಷಯದಲ್ಲಿ ಮನೆಯ ಹಿರಿಯರೂ ಪ್ರಯೋಗಶಾಲೆಯೂ ಒಮ್ಮತಕ್ಕೆ ಬಂದಿವೆ. ಕಾಫಿ ಅನೇಕರಲ್ಲಿ ದೊಡ್ಡ ಕರುಳಿನ ಚಲನೆಯನ್ನು ನಿಮಿಷಗಳಲ್ಲೇ ಹೆಚ್ಚಿಸುತ್ತದೆ, ಕೆಫೀನ್ ತೆಗೆದ ಕಾಫಿಯೂ ಅಷ್ಟಿಷ್ಟು ಹೆಚ್ಚಿಸುತ್ತದೆ. ಪೇಪರಿನ ಪಾತ್ರವೆಷ್ಟು ಎಂಬುದು ಇತ್ಯರ್ಥವಾಗಬೇಕಿದೆ. ಊಟದ ಮೇಲಿನ ಕಾಫಿ ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರುವುದನ್ನು ತಗ್ಗಿಸುತ್ತದೆ. ಹಾಗಾಗಿ ಊಟಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಬೇಡ ಎಂದು 2024ರ ಅದೇ ಮಾರ್ಗಸೂಚಿ ಹೇಳುತ್ತದೆ. ಮದುವೆಮನೆಯಲ್ಲಿ ಇದನ್ನು ಜಾರಿಗೊಳಿಸುವವರು ಹುಟ್ಟಬೇಕಷ್ಟೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೊಲೆಸ್ಟರಾಲ್ ಏರಿಸುತ್ತದೆ. ಕಾಗದದ ಫಿಲ್ಟರು ಅದನ್ನು ಬಹುಪಾಲು ಹಿಡಿದಿಡುತ್ತದೆ. ಹಿತ್ತಾಳೆ, ಸ್ಟೀಲು ಫಿಲ್ಟರಿನ ತೂತುಗಳಿಗೆ ಆ ಕಸುಬು ಬಾರದು.

ಕಾಫಿಯ ಮೇಲಿದ್ದ ದೊಡ್ಡ ಆಪಾದನೆ ಮಾತ್ರ ಬಿದ್ದುಹೋಗಿದೆ. 1991ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಸಾಕ್ಷ್ಯ ಸಾಲದೆಂದು ಕೈಬಿಟ್ಟಿತು. ಬದಲಿಗೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಅನುಮಾನದ ಪಟ್ಟಿಗೆ ಹಾಕಿತು. ಲೋಟದಿಂದ ದವರಕ್ಕೆ, ದವರದಿಂದ ಲೋಟಕ್ಕೆ ಎತ್ತಿ ಹೊಯ್ಯುವ ಪದ್ಧತಿಗೆ ಹೀಗೆ ತಡವಾಗಿಯಾದರೂ ಶಾಸ್ತ್ರಾಧಾರ ದೊರೆಯಿತು. ಆದರೆ ಹೊಯ್ದು ಆರಿದ್ದನ್ನು “ಕಲಗಚ್ಚು” ಎಂದು ಒಳಗೆ ವಾಪಸು ಕಳಿಸುವವರಿಗೆ ಇದು ಅನ್ವಯಿಸದು.

ಮಿತವಾಗಿ ಕಾಫಿ ಕುಡಿಯುವವರಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆ, ಯಕೃತ್ತಿನ ರೋಗಗಳು, ಪಾರ್ಕಿನ್ಸನ್ ಕಾಯಿಲೆ ಕಡಿಮೆ ಕಂಡಿವೆ. ಇದು ಜೊತೆಗೆ ಕಂಡದ್ದು. ಕಾಫಿಯಿಂದಲೇ ಆದದ್ದೆಂದು ಸಿದ್ಧವಾಗಿಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಸಕ್ಕರೆ ಕಾಯಿಲೆಗೆ ಇದು ಮದ್ದೆನ್ನುವವರ ತರ್ಕ ಬೇರೊಂದು ಪ್ರಬಂಧಕ್ಕೆ ವಸ್ತು.

ಕೊನೆಯದು ಬಿಟ್ಟಾಗಿನ ಪರಿಣಾಮ. ನಿತ್ಯ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಎರಡರಿಂದ ಒಂಬತ್ತು ದಿನ ಕಾಡಬಹುದು. ಜೊತೆಗೆ ಸುಸ್ತು, ಸಿಡುಕು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಒಂದು ಅಸ್ವಸ್ಥತೆಯೆಂದೇ ದಾಖಲಿಸಿತು. ದಿನಕ್ಕಿಷ್ಟೆಂದು ಇಳಿಸುತ್ತ ಬಂದರೆ ಈ ಬಾಧೆ ಕಡಿಮೆ. ರೂಢಿಯಲ್ಲಿರುವ ಚಿಕಿತ್ಸೆ ಬೇರೆ: ಅರ್ಧ ಲೋಟ, ಸ್ಟ್ರಾಂಗ್. ನೋವು ಬೇಗ ಇಳಿಯುತ್ತದೆ. ಇದು ಔಷಧವಾದ್ದರಿಂದ ಆ ದಿನದ ಲೆಕ್ಕಕ್ಕೆ ಸೇರುವುದಿಲ್ಲ.